ಕಾಲರ್ ಇಲ್ಲದೆ ಹನ್ನೆರಡು ರಾತ್ರಿ

ನನ್ನ ಸಾಕು ಇಲಿ ಚಕ್ಕುಲಿಗೆ ಗಡ್ಡೆ ತೆಗೆಸಿದೆ, ಹೊಲಿಗೆ ಒಂದೂ ಬಿಚ್ಚಲಿಲ್ಲ. ಹೊಲಿಗೆ ಕಚ್ಚದ ಹಾಗೆ ಕೊರಳಿಗೆ ಹಾಕುವ ಕಾಲರ್ ಹಾಕಲಿಲ್ಲ, ಮೈಗೆ ಪಟ್ಟಿ ಸುತ್ತಲಿಲ್ಲ. ಆಪರೇಷನ್ ಆದ ಹನ್ನೆರಡನೇ ದಿನ ನೋಡಿದರೆ ಗಾಯದ ಜಾಗದಲ್ಲಿ ಸಣ್ಣ ಗುಲಾಬಿ ಗೆರೆ ಬಿಟ್ಟರೆ ಏನೂ ಇರಲಿಲ್ಲ. ಇಲಿ ಸಾಕುವ ನನ್ನ ಗೆಳೆಯರಲ್ಲಿ ಮೂವರು ‘ಕಾಲರ್ ಹಾಕದೆ ಇಲಿಯ ಹೊಲಿಗೆ ಉಳಿಯಲ್ಲ, ಸುಮ್ನೆ ದುಡ್ಡು ಕಳೀಬೇಡ’ ಅಂದಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಪಂಜರ, ಹಾಸು, ಹಿಡಿಯುವ ರೀತಿ ಇವೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೊದಲು ನನ್ನ ಹಿಂದಿನ ಇಲಿ ಕೋಡುಬಳೆಯ ಕತೆ ಹೇಳಬೇಕು. 2022ರಲ್ಲಿ ಅವಳಿಗೆ ಮುಂಗಾಲಿನ ಸಂದಿಯಲ್ಲಿ ಗಡ್ಡೆ ಎದ್ದಿತು. ಹೆಣ್ಣಿಲಿಗಳಲ್ಲಿ ಇದು ಮಾಮೂಲು ಅಲ್ವಾ? ಮೊಲೆಯ ಗ್ರಂಥಿ ಕತ್ತಿನಿಂದ ತೊಡೆಸಂದಿವರೆಗೂ ಹರಡಿರುತ್ತದೆ, ಗಡ್ಡೆ ಎಲ್ಲಿ ಬೇಕಾದರೂ ಬರಬಹುದು. ಮೈಸೂರಲ್ಲೇ ಒಂದು ಕ್ಲಿನಿಕ್ಕಿಗೆ ಒಯ್ದೆ. ನಾಯಿಗೆ ಹೇಳುವ ಹಾಗೆ ‘ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ’ ಅಂದರು. ಕೊಡಲಿಲ್ಲ. ಇಲಿಗೆ ವಾಂತಿ ಆಗುವುದೇ ಇಲ್ಲ, ರಾತ್ರಿಯಿಡೀ ಉಪವಾಸ ಬೇಕಿಲ್ಲ ಅಂತ ನನಗೆ ತಿಳಿದದ್ದು ಆಮೇಲೆ. ಅಷ್ಟು ಪುಟ್ಟ ಜೀವಕ್ಕೆ ಹತ್ತು ಗಂಟೆ ಹೊಟ್ಟೆ ಖಾಲಿ ಇದ್ದರೆ ತ್ರಾಣ ಎಲ್ಲಿಂದ ಬರಬೇಕು? ಪ್ರಜ್ಞೆ ತಪ್ಪಿಸುವುದಕ್ಕೆ ಇಂಜೆಕ್ಷನ್ ಕೊಟ್ಟಿದ್ದರು. ಎಚ್ಚರ ಆಗುವುದಕ್ಕೆ ಮೂರು ಗಂಟೆ ಹಿಡಿಯಿತು. ನನ್ನ ಕೈಗೆ ಕೊಟ್ಟಾಗ ಬಾಲ, ಪಾದ ಎಲ್ಲ ತಣ್ಣಗಿದ್ದವು.

ಹೊರಗಡೆ ಕಪ್ಪು ನೈಲಾನ್ ದಾರದ ಐದು ಹೊಲಿಗೆ. 450 ರೂಪಾಯಿ ಕೊಟ್ಟು ತರಿಸಿದ ಕಾಲರ್. ಕಾಲರ್ ಹಾಕಿದ ಕೂಡಲೇ ಹಿಂದೆ ಹಿಂದೆ ನಡೆಯೋಕೆ ಶುರು ಮಾಡಿದಳು. ಕೈಯಲ್ಲಿ ಹಿಡಿದು ತಿನ್ನೋಕೆ ಆಗಲಿಲ್ಲ, ಮುಖ ಉಜ್ಜಿಕೊಳ್ಳೋಕೂ ಆಗಲಿಲ್ಲ. ರಾತ್ರಿ ಎರಡರ ಸುಮಾರಿಗೆ ಹಿಂಗಾಲಲ್ಲಿ ಕಾಲರ್ ಕಿತ್ತು ಮೂರು ಹೊಲಿಗೆ ಕಚ್ಚಿ ಎಳೆದಿದ್ದಳು. ಮರುದಿನ ಮತ್ತೆ ಮತ್ತು ಕೊಟ್ಟು ಹೊಲಿದರು. ಪಕ್ಕದ ಮನೆಯವರು ಹೇಳಿದರೆಂದು ಅರಿಸಿನ ತುಪ್ಪ ಕಲಸಿ ಹಚ್ಚಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ತುಪ್ಪದ ವಾಸನೆಗೆ ಇನ್ನೂ ಜಾಸ್ತಿ ನೆಕ್ಕಿದಳು. ಮೂರನೇ ದಿನ ಬೆಳಿಗ್ಗೆ ನನ್ನ ಅಂಗೈ ಮೇಲೇ ಹೋದಳು. ಒಟ್ಟು ಏಳು ಸಾವಿರದ ಹತ್ತಿರ ಖರ್ಚಾಗಿತ್ತು. ದುಡ್ಡು ಹೋದದ್ದಕ್ಕೆ ನನಗೆ ಅಷ್ಟು ಬೇಸರ ಆಗಲಿಲ್ಲ. ಅವಳು ಆ ಮೂರು ದಿನ ಪಟ್ಟ ಪಾಡು ಮಾತ್ರ ಇವತ್ತಿಗೂ ಮರೆತಿಲ್ಲ.

ಆಮೇಲೆ ಒಂದೂವರೆ ವರ್ಷ ಇದೇ ಯೋಚನೆ. ಯಾಕೆ ಕಚ್ಚಿದಳು? ಎಲ್ಲರೂ ‘ಇಲಿ ಜಾತಿನೇ ಹಂಗೆ, ಕಚ್ಚುತ್ತೆ’ ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಹಳೆಯ ಔಷಧಿ ಚೀಟಿ ತೆಗೆದು ಲೆಕ್ಕ ಹಾಕಿದೆ. ನೋವಿಗೆ ಮೆಲಾಕ್ಸಿಕಾಮ್ ಕೊಟ್ಟಿದ್ದರು, ಆದರೆ ನಾಯಿಯ ಲೆಕ್ಕದಲ್ಲಿ. ನಾಯಿಗೆ ಒಂದು ಕೆಜಿ ತೂಕಕ್ಕೆ 0.1ರಿಂದ 0.2 ಮಿಲಿಗ್ರಾಂ. ಇಲಿಗೆ ಕೆಜಿಗೆ 1ರಿಂದ 2 ಮಿಲಿಗ್ರಾಂ ಬೇಕು. ಅಂದರೆ ಸುಮಾರು ಹತ್ತು ಪಟ್ಟು. 300 ಗ್ರಾಂ ಇಲಿಗೆ ನಾಯಿಯ ಲೆಕ್ಕದಲ್ಲಿ ಕೊಟ್ಟರೆ ಸಿರಿಂಜಿನ ತುದಿಯಲ್ಲಿ ಅರ್ಧ ಹನಿ ಬರುತ್ತದೆ, ಅಷ್ಟೇ. ಕೋಡುಬಳೆಗೆ ನೋವು ಕಡಿಮೆಯೇ ಆಗಿರಲಿಲ್ಲ. ನೋವಿರುವ ಜಾಗಕ್ಕೆ ಬಾಯಿ ಹಾಕಿದಳು. ಇನ್ನೇನು ಮಾಡಿಯಾಳು?

2024ರ ಜನವರಿಯಲ್ಲಿ ಚಕ್ಕುಲಿಗೆ ಹಿಂಗಾಲಿನ ಹತ್ತಿರ ಗಡ್ಡೆ ಬಂತು. ಕಡಲೆಕಾಳಿನಷ್ಟಿದ್ದದ್ದು ಐದು ವಾರದಲ್ಲಿ ನಿಂಬೆಹಣ್ಣಿನಷ್ಟಾಯಿತು. ಊರಲ್ಲಿ ಇಬ್ಬರು ಆಗಲ್ಲ ಅಂದರು. ಬೆಂಗಳೂರಲ್ಲಿ ಮೊಲ, ಇಲಿ, ಹಕ್ಕಿ ನೋಡುವ ಡಾಕ್ಟರ್ ಸಿಕ್ಕರು. ಫೋನಿನಲ್ಲಿ ನಾನು ಮೂರೇ ಪ್ರಶ್ನೆ ಕೇಳಿದೆ. ಉಪವಾಸ ಬೇಕಾ? ಬೇಡ ಅಂದರು. ಪ್ರಜ್ಞೆ ತಪ್ಪಿಸೋಕೆ ಏನು ಕೊಡ್ತೀರಿ? ಐಸೋಫ್ಲೂರೇನ್ ಗ್ಯಾಸ್ ಅಂದರು. ಹೊಲಿಗೆ ಎಲ್ಲಿ? ಚರ್ಮದ ಒಳಗೆ, ಕರಗುವ ದಾರ, ಮೇಲೆ ಅಂಟು ಅಂದರು. ಅವತ್ತೇ ದಿನ ಗೊತ್ತು ಮಾಡಿಕೊಂಡೆ. ನೀವು ಯಾವ ಊರಲ್ಲೇ ಇರಿ, ಈ ಮೂರು ಪ್ರಶ್ನೆ ಕೇಳದೆ ಇಲಿಯನ್ನು ಟೇಬಲ್ ಮೇಲೆ ಮಲಗಿಸಬೇಡಿ.

ಅಮ್ಮ ಮಾತ್ರ ಸಿಟ್ಟಾದರು. ‘ಜನ ಅಂಗಡಿಗೆ ಹೋಗಿ ಇಲಿ ಪಾಷಾಣ ತರ್ತಾರೆ. ನೀನು ಇಲಿಗೆ ಆಪರೇಷನ್ ಮಾಡಿಸ್ತೀಯೇನೋ?’ ಅಂದರು. ಆಪರೇಷನ್ನಿಗೆ 7,500. ಟ್ಯಾಕ್ಸಿ ಹೋಗಿ ಬರೋಕೆ 3,800. ಔಷಧಿ 900 ಚಿಲ್ಲರೆ. ಉಳಿದ ಸಾಮಾನೆಲ್ಲ ಸೇರಿ ಹನ್ನೆರಡೂವರೆ ಸಾವಿರ ಆಗಿರಬೇಕು. ನನ್ನ ಜೆರಾಕ್ಸ್ ಅಂಗಡಿಯಲ್ಲಿ ಅದು ಹತ್ತು ಹನ್ನೆರಡು ದಿನದ ಸಂಪಾದನೆ. ಅಮ್ಮನಿಗೆ ಟ್ಯಾಕ್ಸಿ ದುಡ್ಡು ಹೇಳಲಿಲ್ಲ.

ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲವರೆಗೂ ಸೌತೆಕಾಯಿ ತಿನ್ನಿಸುತ್ತಾ ಹೋದೆ. ಒಂದು ಗಂಟೆಯೊಳಗೆ ಕೆಲಸ ಮುಗಿಯಿತು. ಗಡ್ಡೆಯೇ 35 ಗ್ರಾಂ ಇತ್ತು. ಗ್ಯಾಸ್ ನಿಲ್ಲಿಸಿದ ಹತ್ತು ನಿಮಿಷಕ್ಕೆ ತಲೆ ಎತ್ತಿದಳು. ಕೋಡುಬಳೆಗೆ ಮೂರು ಗಂಟೆ ಹಿಡಿದಿತ್ತು ಅನ್ನೋದು ನೆನಪಾಗಿ ಅಲ್ಲೇ ಕಣ್ಣಲ್ಲಿ ನೀರು ಬಂತು.

ಬಿಸಿ ಕಾಪಾಡುವುದಕ್ಕೆ ನಾನು ಮೊದಲೇ ನಾಲ್ಕು ಥರ ಮಾಡಿ ನೋಡಿದ್ದೆ. ಬಲ್ಬ್ ಬೇಡ, ಬೆಳಕಿಗೆ ಇಲಿ ಮೂಲೆ ಸೇರುತ್ತೆ. ರಬ್ಬರಿನ ಬಿಸಿನೀರಿನ ಚೀಲ ಕಡಿದು ತೂತು ಮಾಡುತ್ತವೆ. ಕಾಲುಚೀಲಕ್ಕೆ ಅಕ್ಕಿ ತುಂಬಿ ಬಿಸಿ ಮಾಡಿ ಇಟ್ಟೆ. ಚಕ್ಕುಲಿಯ ತಂಗಿ ನಿಪ್ಪಟ್ಟು ಅರ್ಧ ಗಂಟೆಯಲ್ಲಿ ಚೀಲ ಹರಿದು ಅಕ್ಕಿ ತಿಂದಳು. ಕೊನೆಗೆ ಗೆದ್ದದ್ದು ಗಾಜಿನ ಬಾಟಲಿ. ಬಿಸಿನೀರು ತುಂಬಿ, ಹಳೇ ಪಂಚೆ ಎರಡು ಸುತ್ತು ಸುತ್ತಿ, ಡಬ್ಬದ ಒಂದೇ ಬದಿಗೆ ಇಡಬೇಕು. ಇನ್ನೊಂದು ಬದಿ ತಣ್ಣಗೇ ಇರಲಿ. ಸೆಕೆ ಆದರೆ ಅವಳೇ ಸರಿದುಕೊಳ್ಳುತ್ತಾಳೆ. ಟ್ಯಾಕ್ಸಿಯಲ್ಲಿ ಎ.ಸಿ. ಹಾಕಿಸಲಿಲ್ಲ. ಮದ್ದೂರಲ್ಲಿ ನಿಲ್ಲಿಸಿ ಹೋಟೆಲಿನಲ್ಲಿ ಬಿಸಿನೀರು ಕೇಳಿ ಬಾಟಲಿ ಬದಲಾಯಿಸಿದೆ. ಬಾಟಲಿ ಯಾರಿಗೆ ಅಂತ ಸಪ್ಲೈಯರ್ ಕೇಳಿದ. ಆಪರೇಷನ್ ಆದ ಮಗು ಇದೆ ಅಂದೆ.

ಮನೆಯಲ್ಲಿ ಪಂಜರ ಬೇಡ. ಹತ್ತಲು ಏನೂ ಇಲ್ಲದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಮುಚ್ಚಳ ಕತ್ತರಿಸಿ ಜಾಲರಿ. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆ, ಹಾಗಾಗಿ ಬರೀ ಬಟ್ಟೆ. ಮೊದಲ ರಾತ್ರಿ ಒಂದು ವಿಚಿತ್ರ ಕಂಡೆ. ಚಕ್ಕುಲಿ ಗಾಯದ ತಂಟೆಗೇ ಹೋಗಲಿಲ್ಲ, ಆದರೆ ಬಟ್ಟೆಯ ದಾರ ಎಳೆದು ಎಳೆದು ನುಂಗುತ್ತಿದ್ದಳು. ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ಕ್ಲಿನಿಕ್ಕಿನಲ್ಲಿ ನೋವಿಗೆ ಬುಪ್ರೆನಾರ್ಫಿನ್ ಕೊಟ್ಟಿದ್ದರಲ್ಲ, ಅದು ಕೊಟ್ಟಾಗ ಕೆಲವು ಇಲಿಗಳು ತಿನ್ನಬಾರದ್ದನ್ನು ತಿನ್ನುತ್ತವಂತೆ. ದಾರ ಬಿಡುವ ಬಟ್ಟೆ ತೆಗೆದು ದಪ್ಪ ಫ್ಲೀಸ್ ಒಂದೇ ಹಾಕಿ, ಬೆಳಗಾಗುವವರೆಗೂ ಪಕ್ಕದಲ್ಲೇ ಕೂತೆ. ಹಾಗೆ ಕೂತಾಗಲೇ ಒಂದು ಹೊಳೆಯಿತು. ಇವಳ ಹಲ್ಲಿಗೆ ಕೆಲಸ ಬೇಕು. ಆ ಕೆಲಸ ಸಿಕ್ಕರೆ ಹೊಲಿಗೆಗೆ ಬರುವುದಿಲ್ಲ.

ಮರುದಿನ ಅವಳು ಮಾಮೂಲಿಗೆ ಬಂದ ಮೇಲೆ ಬೇರೆ ಬೇರೆ ಇಟ್ಟು ನೋಡಿದೆ. ರಟ್ಟು ಹತ್ತು ನಿಮಿಷಕ್ಕೆ ಚೂರು. ತೆಂಗಿನ ಕರಟ ಮೂಸಿ ಬಿಟ್ಟಳು. ಅಡಿಕೆ ಹಾಳೆ ತಟ್ಟೆ ಇಟ್ಟೆ. ನಾವು ಫಂಕ್ಷನ್ನಿಗೆ ಊಟಕ್ಕೆ ಹಾಕುತ್ತೇವಲ್ಲ, ಅದೇ. ಕೂತಲ್ಲೇ ಎರಡು ಕೈಯಲ್ಲಿ ಹಿಡಿದು ನಾರು ಸಿಗಿಯುತ್ತಾ ಒಂದು ಗಂಟೆ ಹತ್ತು ನಿಮಿಷ ಕಡಿದಳು. ನುಂಗಲಿಲ್ಲ, ಸಿಗಿದು ಗೂಡು ಮಾಡಿದಳು. ಹಾಳೆಯನ್ನು ಮಡಿಸಿ ನಡುವೆ ನಾಲ್ಕು ಕಡ್ಲೆಪುರಿ ಸಿಕ್ಕಿಸಿದರೆ ಎರಡು ಗಂಟೆ. 25 ತಟ್ಟೆಯ ಕಟ್ಟು 130 ರೂಪಾಯಿಗೆ ಬಂತು. ತಟ್ಟೆಯನ್ನು ಕೊಡುವ ಮೊದಲು ನಾನು ಒಂದು ಸಣ್ಣ ಹದ ಮಾಡುತ್ತೇನೆ, ಇಲ್ಲದಿದ್ದರೆ ತುದಿ ಗಾಯಕ್ಕೆ ಚುಚ್ಚುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮಗುವಿನ ಕಾಲುಚೀಲಕ್ಕೆ ತೂತು ಮಾಡಿ ಅಂಗಿ ಹಾಕಿಸುವ ಉಪಾಯ ಬೆಂಗಳೂರಿನ ಗೆಳೆಯ ಹೇಳಿದ್ದ. ನಲವತ್ತು ನಿಮಿಷದಲ್ಲಿ ಬಿಚ್ಚಿ ಬಿಸಾಕಿದಳು. ಮತ್ತೆ ಪ್ರಯತ್ನಿಸಲಿಲ್ಲ.

ಔಷಧಿಯ ಹೊತ್ತು ಬಹಳ ಮುಖ್ಯ. ಮೆಲಾಕ್ಸಿಕಾಮ್ ದಿನಕ್ಕೊಂದು ಸಲ, ಐದು ದಿನ. 0.2 ಎಂ.ಎಲ್. ಅಂತ ಬರೆದಿದ್ದರು. ಅದು ಅವಳ ತೂಕಕ್ಕೆ, ಅವಳ ಬಾಟಲಿಗೆ. ನಿಮ್ಮದನ್ನು ನಿಮ್ಮ ಡಾಕ್ಟರೇ ಬರೆಯಬೇಕು. ಎಲ್ಲರೂ ಬೆಳಿಗ್ಗೆ ಕಾಫಿ ಹೊತ್ತಿಗೆ ಕೊಡುತ್ತಾರೆ. ನಾನು ಡಾಕ್ಟರನ್ನು ಕೇಳಿ ರಾತ್ರಿ ಒಂಬತ್ತಕ್ಕೆ ಬದಲಾಯಿಸಿಕೊಂಡೆ. ಇಲಿ ಓಡಾಡುವುದು ರಾತ್ರಿ, ಕಚ್ಚುವುದೂ ರಾತ್ರಿ. ಔಷಧಿಯ ಬಲವೂ ಆಗಲೇ ಇರಬೇಕು. ಈ ಒಂದು ಬದಲಾವಣೆಗೆ ನಾನು ಅರ್ಧ ಗೆಲುವು ಕೊಡುತ್ತೇನೆ. ಸೋಂಕು ಆಗದಿರಲಿ ಅಂತ ಕೊಟ್ಟ ಎನ್ರೋಫ್ಲಾಕ್ಸಾಸಿನ್ ಮಾತ್ರ ವಿಪರೀತ ಕಹಿ. ಜೇನು, ಬಾಳೆಹಣ್ಣು, ಮೊಸರು, ಕಡಲೆಬೀಜದ ಪೇಸ್ಟು ಎಲ್ಲದರಲ್ಲೂ ಉಗಿದಳು. ಐದನೆಯದರಲ್ಲಿ ತಾನೇ ಬಂದು ನೆಕ್ಕಿದಳು. ಅದು ಏನು ಅಂತ ಈಗ ಹೇಳಲ್ಲ. ಇನ್ನೆರಡು ಇಲಿಗಳಲ್ಲಿ ನೋಡಿ ಗಟ್ಟಿಯಾದ ಮೇಲೆ ಹೇಳುತ್ತೇನೆ.

ನೋವು ಇದೆಯೋ ಇಲ್ಲವೋ ಅಂತ ಮುಖ ನೋಡಿ ತಿಳಿಯಬಹುದು. 2011ರಲ್ಲಿ ವಿಜ್ಞಾನಿಗಳು ಇಲಿಯ ಮುಖಭಾವಕ್ಕೇ ಒಂದು ಅಳತೆಪಟ್ಟಿ ಮಾಡಿದರು. ಕಣ್ಣು ಕಿರಿದಾಗುವುದು, ಮೂಗಿನ ಮೇಲಿನ ಉಬ್ಬು ಚಪ್ಪಟೆಯಾಗುವುದು, ಕಿವಿ ಮಡಚಿ ಹೊರಕ್ಕೆ ತಿರುಗುವುದು, ಮೀಸೆ ಬಿಗಿಯಾಗುವುದು. ನಾನು ಆಪರೇಷನ್ನಿಗೆ ಮುಂಚೆ ಚಕ್ಕುಲಿಯ ಮುಖದ ಹತ್ತು ಫೋಟೋ ತೆಗೆದಿಟ್ಟುಕೊಂಡಿದ್ದೆ. ದಿನಾ ಹೋಲಿಸುತ್ತಿದ್ದೆ. ಕಣ್ಣಿನ ಸುತ್ತ ಕೆಂಪು ಕಂಡರೆ ರಕ್ತ ಅಂದುಕೊಳ್ಳಬೇಡಿ. ಅದು ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಅನ್ನೋ ಕೆಂಪು ಬಣ್ಣದ ವಸ್ತು. ಆದರೆ ಕಷ್ಟದಲ್ಲಿದ್ದಾಳೆ ಅನ್ನೋದಕ್ಕೆ ಗುರುತು. ಕೋಡುಬಳೆಯ ಹೊತ್ತಲ್ಲಿ ಅದನ್ನು ರಕ್ತ ಅಂದುಕೊಂಡು ರಾತ್ರಿ ಎಮರ್ಜೆನ್ಸಿಗೆ 600 ಕೊಟ್ಟಿದ್ದೆ.

ಆಪರೇಷನ್ ಆದ ಇಲಿಯನ್ನು ಒಂಟಿಯಾಗಿ ಇಡಬೇಕು ಅನ್ನೋದನ್ನೂ ನಾನು ಒಪ್ಪಲಿಲ್ಲ. ಮೊದಲ ಎರಡು ರಾತ್ರಿ ನಿಪ್ಪಟ್ಟುವನ್ನು ಜಾಲರಿಯ ಆಚೆ ಬದಿಗೆ ಬಿಟ್ಟೆ. ಇಬ್ಬರೂ ಜಾಲರಿಗೆ ಮೈ ಒತ್ತಿಕೊಂಡೇ ಮಲಗಿದರು. ಮೂರನೇ ದಿನದಿಂದ ನನ್ನ ಕಣ್ಣೆದುರಿಗೆ ಅರ್ಧ ಅರ್ಧ ಗಂಟೆ ಒಟ್ಟಿಗೆ ಬಿಟ್ಟೆ. ನಿಪ್ಪಟ್ಟು ಅವಳ ಕಿವಿ ಹಿಂದೆ ನೆಕ್ಕಿದಳು, ಗಾಯದ ಹತ್ತಿರ ಹೋಗಲಿಲ್ಲ. ಎಲ್ಲ ಜೋಡಿಯೂ ಹೀಗೇ ಇರುತ್ತೆ ಅಂತ ಹೇಳಲ್ಲ. ಜೋರು ಮಾಡುವ ಇಲಿ ಇದ್ದರೆ ಬೇಡ.

ಇನ್ನು ಊಟ. ಆಪರೇಷನ್ನಿಗೆ ಮುಂಚೆ ಗಡ್ಡೆ ಸೇರಿ 318 ಗ್ರಾಂ ಇದ್ದಳು. ಮರುದಿನ 276, ಮೂರನೇ ದಿನ 268. ಅಲ್ಲಿ ನನಗೆ ಭಯ ಆಯಿತು. ಅಂಗಡಿಯ ಡಬ್ಬದ ಆಹಾರ ಮುಟ್ಟುತ್ತಿರಲಿಲ್ಲ. ಅವತ್ತು ಸಂಜೆ ಅಮ್ಮ ಏನೂ ಮಾತಾಡದೆ ಒಲೆ ಮೇಲೆ ರಾಗಿ ಸರಿ ಕಾಸಿದರು. ಮೊಳಕೆ ಕಟ್ಟಿದ ರಾಗಿ, ನನ್ನ ಅಕ್ಕನ ಮಗುವಿಗೆ ಮಾಡಿಟ್ಟಿದ್ದು. ಬೆರಳಲ್ಲಿ ಆರಿಸಿ ನೋಡಿ, ‘ತಗೋ, ಬಿಸಿ ಇಲ್ಲ’ ಅಂದರು. ಚಕ್ಕುಲಿ ಚಮಚಕ್ಕೆ ಎರಡೂ ಕೈ ಹಾಕಿ ಹಿಡಿದುಕೊಂಡಳು. ಮರುದಿನ ರಾಗಿ ಸರಿಗೆ ಬೆಂದ ಮೊಟ್ಟೆಯ ಚೂರು ಸೇರಿಸಿದೆವು. ನಾಲ್ಕನೇ ದಿನ ತೂಕ ಇಳಿಯೋದು ನಿಂತಿತು. ಹನ್ನೆರಡನೇ ದಿನ 284.

ಅದೇ ನಾಲ್ಕನೇ ದಿನ ಗಾಯದ ಕೆಳಗೆ ಮೆತ್ತಗೆ ಊದಿತ್ತು. ಡಾಕ್ಟರಿಗೆ ಫೋಟೋ ಕಳಿಸಿದೆ. ಗಡ್ಡೆ ತೆಗೆದ ಖಾಲಿ ಜಾಗದಲ್ಲಿ ನೀರು ತುಂಬಿದೆ, ಕೆಂಪಾಗಿಲ್ಲ, ಬಿಸಿ ಇಲ್ಲ, ಮುಟ್ಟಬೇಡಿ ಅಂದರು. ಒಂದು ವಾರದಲ್ಲಿ ತಾನಾಗಿ ಇಳಿಯಿತು.

ಐದು, ಆರನೇ ರಾತ್ರಿಗಳೇ ನಿಜವಾದ ಪರೀಕ್ಷೆ. ನೋವು ಹೋಗಿ ತುರಿಕೆ ಶುರುವಾಗುತ್ತದೆ. ಅಂಗಡಿ ಮುಚ್ಚಿ ಬಂದು ಎಂಟೂವರೆಗೆ ಊಟ, ಒಂಬತ್ತಕ್ಕೆ ಔಷಧಿ, ಆಮೇಲೆ ಎರಡು ಗಂಟೆ ನಿದ್ದೆ. ಹನ್ನೊಂದರಿಂದ ನಾಲ್ಕರವರೆಗೆ ನಾನು ಡಬ್ಬದ ಪಕ್ಕ. ತಲೆ ಗಾಯದ ಕಡೆ ತಿರುಗಿತು ಅಂದರೆ ಹೊಸ ಹಾಳೆ ಚೂರು, ಇಲ್ಲ ಒಂದು ಚಮಚ ರಾಗಿ ಸರಿ. ಬೈಯಲಿಲ್ಲ, ಕೈಯಲ್ಲಿ ತಳ್ಳಲಿಲ್ಲ. ಆರನೇ ರಾತ್ರಿ ಲೆಕ್ಕ ಇಟ್ಟೆ, ಹದಿನೇಳು ಸಲ ತಿರುಗಿದಳು. ಎಂಟನೇ ರಾತ್ರಿ ನಾಲ್ಕು ಸಲ. ಹತ್ತನೇ ರಾತ್ರಿ ಒಂದೂ ಇಲ್ಲ. ನಾಲ್ಕು ಗಂಟೆಗೆ ಅಮ್ಮ ಏಳುತ್ತಾರೆ. ಐದನೇ ರಾತ್ರಿಯಿಂದ ನಾನು ಕರೆಯದೆಯೇ ಬಂದು ‘ನೀನು ಮಲಕ್ಕೋ ಹೋಗು, ನಾನು ನೋಡ್ಕೋತೀನಿ’ ಅಂದು ಡಬ್ಬದ ಮುಂದೆ ಕೂತು ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಆ ಮೆಲುದನಿಗೆ ಚಕ್ಕುಲಿ ಹಲ್ಲು ಮಸೆಯುತ್ತಾ ಕಣ್ಣು ಮುಚ್ಚುತ್ತಿದ್ದಳು. ಇಲಿಗಳು ಹಾಯಾಗಿದ್ದಾಗಲೂ ನೋವಿಗೂ ಹಲ್ಲು ಮಸೆಯುತ್ತವೆ, ಆದರೆ ಅವಳ ಮೀಸೆ ಸಡಿಲವಾಗಿತ್ತು, ಮೈ ಮೆತ್ತಗಿತ್ತು.

ಗಡ್ಡೆ ಮತ್ತೆ ಬಂತು, ಹಾಗೆ ಬರುವುದು ಮಾಮೂಲು. ಜೂನಿನಲ್ಲಿ ಇನ್ನೊಂದು ಬದಿಗೆ. ಅದೇ ಡಾಕ್ಟರ್, ಅದೇ ಡಬ್ಬ. ಆಗ ಐದು ರಾತ್ರಿ ಮಾತ್ರ ಎಚ್ಚರ ಇದ್ದೆ, ಸಾಕಾಯಿತು. ಎರಡು ವರ್ಷ ಏಳು ತಿಂಗಳು ಬದುಕಿ, ಚಳಿಗಾಲದ ಒಂದು ರಾತ್ರಿ ನಿಪ್ಪಟ್ಟುವಿನ ಪಕ್ಕದಲ್ಲಿ ನಿದ್ದೆಯಲ್ಲೇ ಹೋದಳು.

ಈಗ ಮನೆಯಲ್ಲಿ ಹೊಸ ಮರಿ ಇದೆ, ನಾಲ್ಕೂವರೆ ತಿಂಗಳು. ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ತೆಗೆಸಿದರೆ ಈ ಗಡ್ಡೆಗಳು ಬರುವುದು ಬಹಳ ಕಡಿಮೆ ಆಗುತ್ತದೆ. ಮುಂದಿನ ತಿಂಗಳು ಮಾಡಿಸುತ್ತಿದ್ದೇನೆ. ಎರಡು ಕಟ್ಟು ಹಾಳೆ ತಟ್ಟೆ ತಂದಿಟ್ಟಿದ್ದೇನೆ. ಅಮ್ಮ ನಿನ್ನೆ ರಾಗಿ ನೆನೆಹಾಕಿದರು.