ಪೈಲಟ್ ಅರ್ಜಿ: ಸಿಂಧನೂರಿನಿಂದ ಮೆರಿಟ್ ಪಟ್ಟಿಯವರೆಗೆ

ಸಿಂಧನೂರು ಬಸ್ ನಿಲ್ದಾಣದ ಹತ್ತಿರ ನಾನು ಆನ್‌ಲೈನ್ ಸೇವಾ ಕೇಂದ್ರ ನಡೆಸುತ್ತೇನೆ. ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಪೊಲೀಸ್ ಕಾನ್‌ಸ್ಟೆಬಲ್ ಅರ್ಜಿ, ದಿನವಿಡೀ ಇದೇ ಕೆಲಸ. ವಾಯುಪಡೆಯ ಪೈಲಟ್ ಅರ್ಜಿ ತುಂಬಿಸೋಕೆ ಬರುವವರು ಅಪರೂಪ. ಬಂದವರಲ್ಲೂ ಅನೇಕರು ಅಗ್ನಿವೀರ್ ವಾಯು ಅರ್ಜಿಯೇ ಪೈಲಟ್ ಅರ್ಜಿ ಅಂದುಕೊಂಡಿರುತ್ತಾರೆ. ಅದು ಬೇರೆ. ಪೈಲಟ್ ಆಗುವವರು ಅಧಿಕಾರಿಗಳಾಗಿ ಸೇರುತ್ತಾರೆ, ಅದರ ದಾರಿಯೇ ಬೇರೆ.

ನನ್ನ ತಂಗಿ ಈ ದಾರಿಯಲ್ಲಿ ಮೈಸೂರಿನ ಆಯ್ಕೆ ಮಂಡಳಿ ದಾಟಿ, ಬೆಂಗಳೂರಿನ ವೈದ್ಯಕೀಯ ಪರೀಕ್ಷೆಯಲ್ಲಿ ಫಿಟ್ ಅನ್ನಿಸಿಕೊಂಡು, ಈಗ ಮೆರಿಟ್ ಪಟ್ಟಿಗೆ ಕಾಯುತ್ತಿದ್ದಾಳೆ. ಅವಳ ಅರ್ಜಿ ತುಂಬಿದ್ದು ನಾನೇ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮಕ್ಕಳು ಬುದ್ಧಿ ಸಾಲದೆ ಇದರಲ್ಲಿ ಹಿಂದೆ ಬೀಳುತ್ತಾರೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ವಿಷಯ ಕಿವಿಗೆ ಬೀಳುವ ಹೊತ್ತಿಗೆ ವಯಸ್ಸು ಮೀರಿರುತ್ತದೆ, ಇಲ್ಲವೇ ಕಾಗದದಲ್ಲಿ ಹೆಸರು ತಪ್ಪಿರುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ದಾರಿಗಳು. ಪಿಯುಸಿ ಓದುತ್ತಿರುವವರಿಗೆ ಯುಪಿಎಸ್‌ಸಿ ನಡೆಸುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಹುಡುಗಿಯರೂ ಬರೆಯಬಹುದು. ಡಿಗ್ರಿಯವರಿಗೆ ವಾಯುಪಡೆಯೇ ನಡೆಸುವ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ (ಏರ್ ಫೋರ್ಸ್ ಕಾಮನ್ ಅಡ್ಮಿಷನ್ ಟೆಸ್ಟ್). ಹುಡುಗರಿಗೆ ಇದರ ಜೊತೆ ಯುಪಿಎಸ್‌ಸಿಯದೇ ಇನ್ನೊಂದು ಪರೀಕ್ಷೆ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್) ಕೂಡ ಇದೆ. ಎನ್‌ಸಿಸಿ ಏರ್ ವಿಂಗ್ 'ಸಿ' ಪ್ರಮಾಣಪತ್ರ ಇದ್ದವರಿಗೆ ಲಿಖಿತ ಪರೀಕ್ಷೆಯೇ ಇಲ್ಲದ ವಿಶೇಷ ಪ್ರವೇಶವೂ ಉಂಟು. ತಂಗಿ ಹೋದದ್ದು ಎಎಫ್‌ಕ್ಯಾಟ್ ದಾರಿ, ಹಾಗಾಗಿ ಅದನ್ನೇ ಹೇಳುತ್ತೇನೆ.

ಎಎಫ್‌ಕ್ಯಾಟ್ ಅಧಿಸೂಚನೆ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಡಿಸೆಂಬರ್ ಮತ್ತು ಜೂನ್‌ನಲ್ಲಿ ಬರುತ್ತದೆ. ಡಿಸೆಂಬರ್‌ನಲ್ಲಿ ಅರ್ಜಿ ಹಾಕಿದವರ ತರಬೇತಿ ಶುರುವಾಗುವುದು ಮುಂದಿನ ವರ್ಷ ದಾಟಿ ಅದರಾಚೆಯ ಜನವರಿಯಲ್ಲಿ. ಜೂನ್‌ನವರದು ಮರುವರ್ಷದ ಜುಲೈನಲ್ಲಿ. ಅಂದರೆ ಅರ್ಜಿಯಿಂದ ಅಕಾಡೆಮಿಗೆ ಹೆಚ್ಚುಕಡಿಮೆ ಒಂದು ವರ್ಷ. ವಯಸ್ಸನ್ನೂ ಆ ತರಬೇತಿ ಶುರುವಾಗುವ ತಿಂಗಳ 1ನೇ ತಾರೀಕಿಗೆ ಲೆಕ್ಕ ಹಾಕಬೇಕು, ಅರ್ಜಿ ಹಾಕುವ ದಿನಕ್ಕಲ್ಲ. ಫ್ಲೈಯಿಂಗ್ ಶಾಖೆಗೆ, ಅಂದರೆ ಪೈಲಟ್‌ಗಳ ಶಾಖೆಗೆ, 20ರಿಂದ 24 ವರ್ಷ, ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದರೆ 26ರವರೆಗೆ. ಮದುವೆ ಆಗಿರಬಾರದು, ತರಬೇತಿ ಮುಗಿಯುವವರೆಗೆ ಆಗಲೂಬಾರದು. ಹೆಣ್ಣುಮಕ್ಕಳ ಮನೆಯವರಿಗೆ ಈ ಸಾಲನ್ನು ನಾನು ಎರಡೆರಡು ಸಲ ಓದಿ ಹೇಳುತ್ತೇನೆ.

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡರಲ್ಲೂ ತಲಾ ಶೇ. 50 ಇರಬೇಕು. ಡಿಗ್ರಿ ಯಾವುದಾದರೂ ಸರಿ, ಶೇ. 60 ಬೇಕು. ಬಿ.ಎ. ಓದಿದವರೂ ಪೈಲಟ್ ಆಗಬಹುದು, ಆದರೆ ಪಿಯುಸಿಯಲ್ಲಿ ಆ ಎರಡು ವಿಷಯ ಓದಿರಬೇಕು. ಕೊನೆಯ ವರ್ಷದವರು ಬ್ಯಾಕ್‌ಲಾಗ್ ಇಲ್ಲದಿದ್ದರೆ ಅರ್ಜಿ ಹಾಕಬಹುದು. ಅಂಕಪಟ್ಟಿಯಲ್ಲಿ ಸಿಜಿಪಿಎ ಮಾತ್ರ ಇದ್ದರೆ ವಿಶ್ವವಿದ್ಯಾಲಯದ ಸೂತ್ರದಂತೆ ಶೇಕಡಾವಾರು ಮಾಡಿದ ಪ್ರಮಾಣಪತ್ರ ಈಗಲೇ ತೆಗೆಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕ ಮೀಸಲಾತಿಯ 371ಜೆ ಪ್ರಮಾಣಪತ್ರ ತರಲೇ ಅಂತ ಕೇಳುತ್ತಾರೆ, ಅದು ಇಲ್ಲಿ ನಡೆಯುವುದಿಲ್ಲ. ಯಾವ ಮೀಸಲಾತಿಯೂ ಇಲ್ಲ.

ಅರ್ಜಿಗೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ: ಮೈ ಅಳತೆ. ಫ್ಲೈಯಿಂಗ್ ಶಾಖೆಗೆ ಎತ್ತರ ಕನಿಷ್ಠ 162.5 ಸೆಂ.ಮೀ. ಅಷ್ಟೇ ಸಾಲದು. ವಿಮಾನದ ಕಾಕ್‌ಪಿಟ್‌ನಲ್ಲಿ ಕಾಲು ಪೆಡಲ್ ಮುಟ್ಟಬೇಕು, ಅಪಾಯದಲ್ಲಿ ಸೀಟು ಸಹಿತ ಹೊರಕ್ಕೆ ಚಿಮ್ಮುವಾಗ (ಇಜೆಕ್ಟ್) ಮೊಣಕಾಲು ಎದುರಿನ ಪ್ಯಾನೆಲ್‌ಗೆ ಬಡಿಯಬಾರದು. ಅದಕ್ಕೆ ಕೂತಾಗಿನ ಎತ್ತರ 81.5ರಿಂದ 96 ಸೆಂ.ಮೀ. ಒಳಗೆ, ಕಾಲಿನ ಉದ್ದ 99ರಿಂದ 120ರ ಒಳಗೆ, ತೊಡೆಯ ಉದ್ದ 64 ಮೀರದಂತೆ ಇರಬೇಕು. ಪಕ್ಕದ ಅಂಗಡಿಯ ಟೇಲರ್ ಹತ್ತಿರ ಟೇಪು ಇಸಕೊಂಡು ನಾನೇ ತಂಗಿಯ ಅಳತೆ ತೆಗೆದೆ. ನೆಲದ ಮೇಲೆ ಕೂರಿಸಿ, ಸೊಂಟ ಮತ್ತು ಬೆನ್ನು ಗೋಡೆಗೆ ಒತ್ತಿಸಿ, ಕಾಲು ನೆಟ್ಟಗೆ ಚಾಚಿಸಿ ಗೋಡೆಯಿಂದ ಹಿಮ್ಮಡಿಯವರೆಗೆ ಅಳೆದರೆ ಕಾಲಿನ ಉದ್ದ. ಬೆಂಚಿನ ಮೇಲೆ ಕೂರಿಸಿ ಗೋಡೆಯಿಂದ ಮೊಣಕಾಲಿನ ತುದಿಯವರೆಗೆ ತೊಡೆ. ಅದೇ ಬೆಂಚಿನಿಂದ ನೆತ್ತಿಯವರೆಗೆ ಕೂತ ಎತ್ತರ; ತಲೆ ಮೇಲೆ ಪಟ್ಟಿಯನ್ನು ಅಡ್ಡ ಇಟ್ಟು ಗೋಡೆಗೆ ಪೆನ್ಸಿಲ್ ಗೆರೆ ಎಳೆಯಿರಿ, ಕೂದಲು ಗಂಟು ಬಿಚ್ಚಿರಬೇಕು. ಬೆಳಗ್ಗೆ ಎದ್ದ ಕೂಡಲೇ ಅಳೆದದ್ದಕ್ಕೂ ಸಂಜೆ ಅಳೆದದ್ದಕ್ಕೂ ಎತ್ತರದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಗಡಿಯಲ್ಲಿದ್ದವರು ಸಂಜೆಯ ಅಳತೆಯನ್ನೇ ನಂಬುವುದು ಕ್ಷೇಮ.

ಆಮೇಲೆ ಕಣ್ಣು. ದೂರದ್ದು ಕಾಣಲು ಕನ್ನಡಕ ಬೇಕಾದವರಿಗೆ, ಅಂದರೆ ಮೈನಸ್ ನಂಬರ್ ಇದ್ದವರಿಗೆ, ಫ್ಲೈಯಿಂಗ್ ಇಲ್ಲ. ಬಣ್ಣದ ದೃಷ್ಟಿ ಪೂರ್ತಿ ಸರಿ ಇರಬೇಕು. ಕಣ್ಣಿನ ವೈದ್ಯರ ಹತ್ತಿರ ಮೊದಲೇ ತೋರಿಸಿ, ಬಣ್ಣದ ಚುಕ್ಕಿಗಳ ಪುಸ್ತಕದಲ್ಲೂ ಪರೀಕ್ಷೆ ಮಾಡಿಸಿ. ಇಲ್ಲಿ ಆಗದಿದ್ದರೆ ಅದೇ ಅರ್ಜಿಯಲ್ಲಿ ಗ್ರೌಂಡ್ ಡ್ಯೂಟಿ (ವಿಮಾನ ಹಾರಿಸದೆ ನೆಲದ ಮೇಲೆ ಕೆಲಸ ಮಾಡುವ) ಶಾಖೆಗಳಿವೆ, ಅವುಗಳ ಕಣ್ಣಿನ ನಿಯಮ ಬೇರೆ. ಮೊದಲೇ ಗೊತ್ತಾದರೆ ಆಯ್ಕೆಯ ಕ್ರಮವನ್ನು ಅದರಂತೆ ತುಂಬಬಹುದು. ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುವ ಆಸೆ ಇದ್ದವರು ಈಗಲೇ ಬಿಟ್ಟುಬಿಡಿ. ಮುಂಗೈಯ ಒಳಬದಿ, ಅಂಗೈಯ ಹಿಂಬದಿ ಬಿಟ್ಟರೆ ಉಳಿದ ಕಡೆಯ ಹಚ್ಚೆ ಒಪ್ಪುವುದಿಲ್ಲ. ಬುಡಕಟ್ಟು ಸಮುದಾಯದವರ ಸಾಂಪ್ರದಾಯಿಕ ಹಚ್ಚೆಯನ್ನು ಮಾತ್ರ ಪ್ರತ್ಯೇಕವಾಗಿ ನೋಡುತ್ತಾರೆ.

ಈಗ ಅರ್ಜಿ. ನನ್ನ ಕೌಂಟರ್‌ನಲ್ಲಿ ಹೆಚ್ಚು ಹೊತ್ತು ತಿನ್ನುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರು, ಡಿಗ್ರಿಯಲ್ಲಿ ಇನಿಷಿಯಲ್. ನಮ್ಮ ಕಡೆ ಮೂರು ಕಾಗದಕ್ಕೆ ಮೂರು ಹೆಸರು ಮಾಮೂಲು. ಇಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಮೂಲ. ಅದರಲ್ಲಿ ಹೇಗಿದೆಯೋ ಹಾಗೇ, ಅಕ್ಷರ ಅಕ್ಷರ ನೋಡಿ ತುಂಬಿ. ಆಧಾರ್ ತಿದ್ದುಪಡಿಯನ್ನು ಅಧಿಸೂಚನೆಗೂ ಮುಂಚೆಯೇ ಮಾಡಿಸಿ. ಅಪ್ಪ–ಅವ್ವನ ಹೆಸರು, ಹುಟ್ಟಿದ ದಿನಾಂಕಕ್ಕೂ ಇದೇ ಮಾತು. ಫೋಟೋ, ಸಹಿ, ಹೆಬ್ಬೆರಳ ಗುರುತು ಅಪ್‌ಲೋಡ್ ಮಾಡಬೇಕು. ಬೆರಳ ಗುರುತನ್ನು ಬಿಳಿ ಹಾಳೆ ಮೇಲೆ ಹಗುರವಾಗಿ ಒತ್ತಿ, ಗೆರೆಗಳು ಕಾಣಬೇಕು. ಶಾಯಿ ಮೆತ್ತಿಕೊಂಡ ಗುರುತು ಕೆಲಸಕ್ಕೆ ಬರಲ್ಲ. ಶುಲ್ಕ 550 ರೂಪಾಯಿ ಮತ್ತು ಜಿಎಸ್‌ಟಿ. ಇಮೇಲ್ ಮತ್ತು ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ, ಅಂಗಡಿಯವರದ್ದು ಕೊಡಬೇಡಿ. ಮುಂದಿನ ಒಂದು ವರ್ಷ ಎಲ್ಲ ಸುದ್ದಿ ಬರುವುದು ಅದಕ್ಕೇ.

ಪರೀಕ್ಷೆ ಕಂಪ್ಯೂಟರ್‌ನಲ್ಲಿ, ಇಂಗ್ಲಿಷ್‌ನಲ್ಲಿ ಮಾತ್ರ. ಎರಡು ಗಂಟೆ, 100 ಪ್ರಶ್ನೆ, 300 ಅಂಕ. ಸರಿ ಉತ್ತರಕ್ಕೆ 3, ತಪ್ಪಿಗೆ 1 ಕಳೆಯುತ್ತಾರೆ. ಸಾಮಾನ್ಯ ಜ್ಞಾನ, ಇಂಗ್ಲಿಷ್, ಲೆಕ್ಕ, ತಾರ್ಕಿಕ ಪ್ರಶ್ನೆಗಳು. ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಇದು ಕಷ್ಟ ಅನ್ನಿಸದು.

ಕಷ್ಟ ಇರುವುದು ಮುಂದೆ. ಲಿಖಿತ ದಾಟಿದವರು ಆಯ್ಕೆ ಮಂಡಳಿಯ ಸ್ಥಳ ಮತ್ತು ದಿನಾಂಕವನ್ನು ಪೋರ್ಟಲ್‌ನಲ್ಲೇ ಆರಿಸಿಕೊಳ್ಳಬೇಕು. ಮೈಸೂರು ಸಿಕ್ಕರೆ ನಮಗೆ ಅನುಕೂಲ. ಸಿರುಗುಪ್ಪದ ಮೇಲೆ ಬಸ್ಸಿನಲ್ಲಿ ಬಳ್ಳಾರಿ ಮುಟ್ಟಿ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮೈಸೂರು. ಕೊಪ್ಪಳ, ಹೊಸಪೇಟೆಯವರಿಗೂ ಅದೇ ರೈಲು. ವರದಿ ಮಾಡಿಕೊಳ್ಳುವ ದಿನದ ಬೆಳಗ್ಗೆ ತಲುಪುವ ಲೆಕ್ಕ ಹಾಕಬೇಡಿ, ಹಿಂದಿನ ದಿನವೇ ಅಲ್ಲಿರಿ. ಮೊದಲ ಸಲ ಹೋಗುವವರಿಗೆ ಪ್ರಯಾಣದ ಖರ್ಚು ವಾಪಸ್ ಕೊಡುತ್ತಾರೆ. ಟಿಕೆಟ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೋಪಾನ.

ಅಲ್ಲಿ ಮೊದಲ ದಿನವೇ ಬುದ್ಧಿಮತ್ತೆ ಪರೀಕ್ಷೆ, ಜೊತೆಗೆ ಒಂದು ಮಸುಕಾದ ಚಿತ್ರ ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವುದು. ಅದರಲ್ಲಿ ಉಳಿಯದವರು ಅವತ್ತೇ ಊರಿಗೆ ವಾಪಸ್. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆ: ಚಿತ್ರಗಳಿಗೆ ಕಥೆ, 15 ಸೆಕೆಂಡಿಗೊಂದರಂತೆ 60 ಪದಗಳಿಗೆ ವಾಕ್ಯ, ಅರ್ಧ ಗಂಟೆಯಲ್ಲಿ 60 ಸಂದರ್ಭಗಳಿಗೆ ನೀವೇನು ಮಾಡುತ್ತೀರಿ ಅಂತ ಬರೆಯುವುದು. ಆಮೇಲೆ ಮೈದಾನದ ಗುಂಪು ಕೆಲಸ, ಸಂದರ್ಶನ. ಓಟ 1.6 ಕಿ.ಮೀ. ಹತ್ತು ನಿಮಿಷದೊಳಗೆ ಮುಗಿಸುವಷ್ಟು, 10 ಪುಷ್‌ಅಪ್, 3 ಚಿನ್‌ಅಪ್ ತೆಗೆಯುವಷ್ಟು ಮೈ ಸಿದ್ಧವಾಗಿರಲಿ. ತಂಗಿ ಸೂರ್ಯ ಹುಟ್ಟುವ ಮುಂಚೆ ಎಡದಂಡೆ ಕಾಲುವೆ ರಸ್ತೆಯಲ್ಲಿ ಓಡುತ್ತಿದ್ದಳು, ಅಪ್ಪ ಬೈಕಿನಲ್ಲಿ ಹಿಂದೆ ಹಿಂದೆ. ನಮ್ಮ ಬಿಸಿಲಿನಲ್ಲಿ ಏಳು ಗಂಟೆ ಮೇಲೆ ಓಡುವ ಮಾತೇ ಬೇಡ.

ಸಂದರ್ಶನಕ್ಕೆ ದೆಹಲಿ ಸುದ್ದಿ ಬಾಯಿಪಾಠ ಮಾಡುವವರು ಸ್ವಂತ ಊರನ್ನು ಮರೆಯುತ್ತಾರೆ. ಊರಿನ ಬಗ್ಗೆ ಕೇಳುತ್ತಾರೆ. ಅಶೋಕನ ಹೆಸರನ್ನೇ ಹೇಳುವ ಮಸ್ಕಿ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಪಕ್ಕದಲ್ಲೇ. ಹಟ್ಟಿಯಲ್ಲಿ ಚಿನ್ನದ ಗಣಿ, ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಭತ್ತದ ರೈತನಿಗೆ ಏನಾಯಿತು ಅನ್ನೋದನ್ನು ಸಿಂಧನೂರಿನ ಹುಡುಗಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಇದನ್ನೆಲ್ಲ ಇಂಗ್ಲಿಷ್‌ನಲ್ಲಿ ನಾಲ್ಕು ನೆಟ್ಟಗಿನ ವಾಕ್ಯದಲ್ಲಿ ಹೇಳಲು ರೂಢಿ ಮಾಡಿಕೊಳ್ಳಿ. ಬೀದರ್ ವಾಯುನೆಲೆಯ ಬಗ್ಗೆಯೂ ತಿಳಿದಿರಲಿ. ಹಾಕ್ ವಿಮಾನದಲ್ಲಿ ಫೈಟರ್ ತರಬೇತಿ ನಡೆಯುವುದು ಅಲ್ಲೇ. 2016ರಲ್ಲಿ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ಹಾರಿಸಲು ಬಂದದ್ದೂ ನಮ್ಮ ಕಲ್ಯಾಣ ಕರ್ನಾಟಕಕ್ಕೇ. ಈ ಮಾತು ಹೇಳಿದಾಗಲೇ ನಮ್ಮ ಅಪ್ಪ ತಂಗಿಯ ಅರ್ಜಿಗೆ ಒಪ್ಪಿದ್ದು.

ಫ್ಲೈಯಿಂಗ್ ಅಭ್ಯರ್ಥಿಗಳಿಗೆ ಇನ್ನೊಂದು ಪರೀಕ್ಷೆ ಇದೆ, ಸಿಪಿಎಸ್‌ಎಸ್ (ಕಂಪ್ಯೂಟರೈಸ್ಡ್ ಪೈಲಟ್ ಸೆಲೆಕ್ಷನ್ ಸಿಸ್ಟಮ್). ಮಾನಿಟರ್ ಮುಂದೆ ಕೂತು ಕೈ, ಕಾಲು, ಕಣ್ಣು, ಕಿವಿ ಎಲ್ಲ ಒಟ್ಟಿಗೆ ಕೆಲಸ ಮಾಡುತ್ತವೋ ಇಲ್ಲವೋ ಅಂತ ನೋಡುತ್ತಾರೆ. ಜೀವಮಾನದಲ್ಲಿ ಒಂದೇ ಅವಕಾಶ. ಇಲ್ಲಿ ಬಿದ್ದರೆ ಮತ್ತೆ ಯಾವ ದಾರಿಯಿಂದ ಬಂದರೂ ಫ್ಲೈಯಿಂಗ್ ಇಲ್ಲ. 'ಸುಮ್ಮನೆ ಒಮ್ಮೆ ನೋಡಿ ಬರ್ತೀನಿ' ಅಂತ ಹೋಗುವ ಜಾಗ ಇದಲ್ಲ. ಹಿಂದಿನ ರಾತ್ರಿ ನಿದ್ದೆ ಮಾಡಿ, ಸೂಚನೆಗಳನ್ನು ಪೂರ್ತಿ ಕೇಳಿಸಿಕೊಳ್ಳಿ, ಅರ್ಥವಾಗದಿದ್ದರೆ ಶುರುವಾಗುವ ಮುಂಚೆ ಕೇಳಿ.

ಆಯ್ಕೆ ಮಂಡಳಿ ಶಿಫಾರಸು ಮಾಡಿದವರಿಗೆ ವೈದ್ಯಕೀಯ ಪರೀಕ್ಷೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಅಥವಾ ದೆಹಲಿಯಲ್ಲಿ. ಹಲ್ಲಿಗೂ ಅಂಕ ಉಂಟು, ಕನಿಷ್ಠ 14 ಡೆಂಟಲ್ ಪಾಯಿಂಟ್ ಬೇಕು. ಹುಳುಕು ಇದ್ದರೆ ಮೊದಲೇ ತುಂಬಿಸಿ, ಕಿವಿಯ ಮೇಣ ತೆಗೆಸಿ, ಹಿಮೋಗ್ಲೋಬಿನ್ ನೋಡಿಸಿ. ತಾತ್ಕಾಲಿಕ ಅನ್‌ಫಿಟ್ ಅಂದರೆ ಎದೆ ಒಡೆದುಕೊಳ್ಳಬೇಡಿ. ಚಿಕಿತ್ಸೆಗೆ, ಮೇಲ್ಮನವಿ ವೈದ್ಯಕೀಯ ಮಂಡಳಿಗೆ ಅವಕಾಶ ಇದೆ. ಅದರ ಗಡುವು ಹಾಳೆಯಲ್ಲೇ ಬರೆದಿರುತ್ತಾರೆ, ಓದಿ.

ಇನ್ನು ಕಾಯುವ ಕಾಲ. ಶಿಫಾರಸು ಬೇರೆ, ಆಯ್ಕೆ ಬೇರೆ. ಇದನ್ನು ಮನೆಯವರಿಗೆ ಮೊದಲ ದಿನವೇ ಬಿಡಿಸಿ ಹೇಳಿ. ಎಎಫ್‌ಕ್ಯಾಟ್ ಅಂಕ ಮತ್ತು ಮಂಡಳಿಯ ಅಂಕ ಕೂಡಿಸಿ, ಫಿಟ್ ಆದವರಲ್ಲಿ, ಖಾಲಿ ಇರುವ ಸ್ಥಾನಗಳಿಗೆ ತಕ್ಕಂತೆ ಪಟ್ಟಿ ಮಾಡುತ್ತಾರೆ. ಹಾಗಾಗಿ ಎಲ್ಲ ದಾಟಿದವರೂ ಪಟ್ಟಿಯಲ್ಲಿ ಬಾರದೆ ಇರಬಹುದು. ತಂಗಿ ಮೈಸೂರಿನಿಂದ ಬಂದ ವಾರವೇ ಓಣಿಯಲ್ಲಿ 'ಪೈಲಟ್ ಆದ್ಲಂತ' ಅಂತ ಸುದ್ದಿ. ಒಬ್ಬರು ಶಾಲು ಹೊದಿಸಲು ಬಂದರು. ಅವ್ವ ಅವರನ್ನು ಕೂರಿಸಿ ಚಹಾ ಕೊಟ್ಟು, 'ಆರ್ಡರ್ ಕೈಗೆ ಬರ್ಲಿ ಅಣ್ಣಾ, ಆಮ್ಯಾಲ ಹೊದಿಸೀರಂತ' ಅಂದಳು. ನೀವೂ ಹೀಗೇ ಹೇಳಿ.

ಪಟ್ಟಿ ತರಬೇತಿ ಶುರುವಾಗುವ ಸ್ವಲ್ಪ ಮುಂಚೆ ಬರುವುದು ರೂಢಿ. ದಿನಕ್ಕೆ ಹತ್ತು ಸಲ ಪೋರ್ಟಲ್ ತೆರೆಯುವುದರಿಂದ ಬೇಗ ಬರುವುದಿಲ್ಲ. ತಂಗಿ ರಾತ್ರಿ ಊಟದ ನಂತರ ಒಮ್ಮೆ ನೋಡಿ ಫೋನ್ ಇಟ್ಟುಬಿಡುತ್ತಾಳೆ, ಇಮೇಲ್‌ನ ಸ್ಪ್ಯಾಮ್ ಫೋಲ್ಡರ್ ಸಹಿತ. ಓಟ ಬಿಟ್ಟಿಲ್ಲ, ಜಾತ್ರೆ, ಮದುವೆ ಸೀಸನ್‌ನಲ್ಲಿ ತೂಕ ಏರಿದರೆ ಕಷ್ಟ. ಕಾಲು ಮುರಿದುಕೊಳ್ಳುವ ಸಾಹಸ ಬೇಡ, ಬೈಕಿನಲ್ಲಿ ಹೆಲ್ಮೆಟ್ ಇಲ್ಲದೆ ಹೋಗುವುದು ಬೇಡ. ಮೂಲ ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರ ಒಂದೇ ಫೈಲಿನಲ್ಲಿರಲಿ. ಹಿನ್ನೆಲೆ ಪರಿಶೀಲನೆಗೆ ಠಾಣೆಯಿಂದ ಕರೆ ಬಂದರೆ ಹೆದರಬೇಡಿ, ಅದು ಕ್ರಮ.

ಹೆದರಬೇಕಾದ ಕರೆ ಬೇರೆ. 'ನಿಮ್ಮ ಹೆಸರು ಪಟ್ಟಿಯ ಅಂಚಿನಲ್ಲಿದೆ, ಇಷ್ಟು ಕೊಟ್ಟರೆ ಮೇಲೆ ತರ್ತೀವಿ' ಅಂತ ಒಬ್ಬ ಮಧ್ಯವರ್ತಿ ನಮ್ಮ ಅಪ್ಪನಿಗೂ ಫೋನ್ ಮಾಡಿದ್ದ. ಭತ್ತ ಮಾರಿದ ದುಡ್ಡು ಕೈಯಲ್ಲಿರುವ ತಿಂಗಳು ನೋಡಿಯೇ ಇವರು ಕರೆಯುವುದು. ಈ ಪಟ್ಟಿಯನ್ನು ದುಡ್ಡಿನಿಂದ ಸರಿಸಲು ಬರುವುದಿಲ್ಲ. ಅರ್ಜಿ ಶುಲ್ಕದ ನಂತರ ವಾಯುಪಡೆ ಆಯ್ಕೆಗಾಗಿ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಅಂಥ ಸಂಖ್ಯೆಯನ್ನು ಬರೆದಿಟ್ಟು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ.

ಆಯ್ಕೆಯಾದರೆ ಹೈದರಾಬಾದ್ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಸೇರುವ ಪತ್ರ ಬರುತ್ತದೆ, ರಾಯಚೂರಿನಿಂದ ಆ ಊರು ಬೆಂಗಳೂರಿಗಿಂತ ಹತ್ತಿರ. ಆದರೆ ಪತ್ರ ಬರುವವರೆಗೆ ಬೇರೆ ಅರ್ಜಿಗಳನ್ನು ನಿಲ್ಲಿಸಬೇಡಿ. ಎಂ.ಎಸ್ಸಿ. ಪ್ರವೇಶ, ಬ್ಯಾಂಕ್, ಮುಂದಿನ ಎಎಫ್‌ಕ್ಯಾಟ್, ಎಲ್ಲ ನಡೆಯಲಿ. ತಂಗಿಗೆ ಇನ್ನೂ ವಯಸ್ಸಿದೆ. ಪಟ್ಟಿ ಬಂದಿರಲಿ, ಬಾರದಿರಲಿ, ಜೂನ್ ಅಧಿಸೂಚನೆ ಹೊರಟ ದಿನವೇ ಅವಳ ಅರ್ಜಿ ಮತ್ತೆ ತುಂಬುತ್ತೇನೆ. ನಿಮ್ಮದೂ ತುಂಬಿಸಬೇಕಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಹಾಳೆ, ತಿದ್ದಿಸಿದ ಆಧಾರ್ ಮತ್ತು ಸಂಜೆ ತೆಗೆದ ಅಳತೆ ತನ್ನಿ. ಕೊನೆಯ ದಿನ ಸರ್ವರ್ ನಿಧಾನ ಇರುತ್ತದೆ, ಮೊದಲ ವಾರದಲ್ಲೇ ಬನ್ನಿ.