ಕೆಮ್ಮಿದರೆ ಮೂತ್ರ ಸೋರುತ್ತದೆಯೇ? ಈ ವ್ಯಾಯಾಮ ಮಾಡಿ ನೋಡಿ

ಜೋರಾಗಿ ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಎರಡು ಹನಿ ಮೂತ್ರ ಜಾರಿಬಿಡುತ್ತದೆ. ಹೆರಿಗೆಯಾದವರಲ್ಲಿ, ಮುಟ್ಟು ನಿಂತವರಲ್ಲಿ ಇದು ಜಾಸ್ತಿ. ಮದುವೆಗೆ ಹೊರಡುವ ದಿನ ಬೆಳಿಗ್ಗೆಯಿಂದ ನೀರೇ ಮುಟ್ಟದ ಹೆಂಗಸರಿದ್ದಾರೆ. ವಯಸ್ಸಾಯ್ತು ಅಂತ ಸುಮ್ನೆ ಸಹಿಸಿಕೊಳ್ಳಬೇಕಿಲ್ಲ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಸಡಿಲವಾದಾಗ ಹೀಗಾಗುತ್ತದೆ. ಅವನ್ನು ಮತ್ತೆ ಗಟ್ಟಿ ಮಾಡಬಹುದು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದರು. ಅವರ ಹೆಸರೇ ಅದಕ್ಕೆ ನಿಂತಿತು.

ಮೊದಲು ಸರಿಯಾದ ಸ್ನಾಯು ಸಿಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮೂತ್ರ ಮಾಡಿ ಬಂದು, ಮಂಡಿ ಮಡಿಸಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಗ್ಯಾಸ್ ಬಂದರೆ ಹೇಗೆ ತಡೆಯುತ್ತೀರಿ? ಹಾಗೆ ಬಿಗಿಹಿಡಿಯಿರಿ. ಒಳಗೆ ಮೇಲಕ್ಕೆ ಎಳೆದುಕೊಂಡಂತೆ ಅನಿಸಬೇಕು. ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಿ. ಹೊಟ್ಟೆ ಗಟ್ಟಿಯಾದರೆ, ತೊಡೆ, ಪೃಷ್ಠ ಬಿಗಿಯಾದರೆ ತಪ್ಪು ಜಾಗಕ್ಕೆ ಬಲ ಬೀಳುತ್ತಿದೆ ಎಂದರ್ಥ.

ಸಿಕ್ಕಿತಾ? ಈಗ 3 ಸೆಕೆಂಡ್ ಬಿಗಿಹಿಡಿಯಿರಿ, 3 ಸೆಕೆಂಡ್ ಪೂರ್ತಿ ಸಡಿಲಬಿಡಿ. ಉಸಿರು ಕಟ್ಟಬೇಡಿ. ಬಿಗಿಯುವಷ್ಟೇ ಬಿಡುವುದೂ ಮುಖ್ಯ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ರೂಢಿಯಾದಂತೆ ನಿಧಾನಕ್ಕೆ 10 ಸೆಕೆಂಡ್‌ವರೆಗೆ ಹೆಚ್ಚಿಸಿ. ಆಮೇಲೆ ಕೂತು, ನಿಂತು ಕೂಡ ಮಾಡಬಹುದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಲೇಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಕೆಮ್ಮು ಬರುವ ಮುನ್ನ, ಭಾರ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯುವುದನ್ನು ಕಲಿತರೆ ಅಲ್ಲಿಯೇ ಅರ್ಧ ಗೆದ್ದಂತೆ. ಗುಣ ಕಾಣಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ, ಎರಡೇ ವಾರಕ್ಕೆ ಕೈಬಿಡಬೇಡಿ. ಮಲಬದ್ಧತೆಯಿದ್ದರೆ ಅದನ್ನೂ ಸರಿಮಾಡಿಕೊಳ್ಳಿ, ಮುಕ್ಕಿದಷ್ಟೂ ಈ ಸ್ನಾಯುಗಳಿಗೆ ಪೆಟ್ಟು. ಪ್ರೊಸ್ಟೇಟ್ ಆಪರೇಷನ್ ಆದ ಗಂಡಸರಿಗೂ ಇದೇ ವ್ಯಾಯಾಮ ಹೇಳಿಕೊಡುತ್ತಾರೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ಸಂಭೋಗದ ವೇಳೆ ನೋವಾಗುವವರಲ್ಲಿ ಈ ಸ್ನಾಯುಗಳು ಮೊದಲೇ ಬಿಗಿದಿರಬಹುದು. ಅಂಥವರು ಬಿಗಿಹಿಡಿದರೆ ನೋವು ಹೆಚ್ಚುತ್ತದೆ, ಅವರು ಮೊದಲು ಸಡಿಲಬಿಡುವುದನ್ನು ಕಲಿಯಬೇಕು. ಇದನ್ನು ಹೇಳಿಕೊಡುವ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಕೆಳಗೆ ಏನೋ ಜಾರಿ ಬಂದಂತೆ ಅನಿಸುವುದು, ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಿ.