ಆತಂಕದಿಂದ ದುಡಿಯಲಾಗದವರ ಅಂಗವಿಕಲ ಅರ್ಜಿ: ನಾನು ಕಾಗದ ಜೋಡಿಸುವ ಬಗೆ

ಕೊಪ್ಪಳ ಜಿಲ್ಲೆಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಾಗಿ ನಾನು ತುಂಬಿಸುವ ಅರ್ಜಿಗಳಲ್ಲಿ ಕೈಕಾಲು, ಕಣ್ಣಿನ ತೊಂದರೆಯವು ಬೇಗ ಮುಂದೆ ಹೋಗುತ್ತವೆ. ತೀವ್ರ ಆತಂಕದ ಅರ್ಜಿಗೆ ತಯಾರಿ ಹೆಚ್ಚು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಇದೆ. ಆದರೆ ಪ್ರಮಾಣಪತ್ರ ಕೊಡುವ ವೈದ್ಯಕೀಯ ಬೋರ್ಡಿನವರು ಅಳೆಯುವುದು ಹೆದರಿಕೆಯಿಂದ ಏನೇನು ನಿಂತುಹೋಗಿದೆ ಎಂಬುದನ್ನು.

ಅಳತೆಗೆ ‘ಐಡಿಯಾಸ್’ ಎಂಬ ಮಾಪಕವಿದೆ. ಸ್ವಂತ ಆರೈಕೆ, ಜನರ ಜೊತೆಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ — ಈ ನಾಲ್ಕಕ್ಕೆ ತಲಾ 0ಯಿಂದ 4 ಅಂಕ. ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೆ ಬೇರೆ ಅಂಕ ಸೇರಿ ಒಟ್ಟು 20. ಆ ಅಂಕದಿಂದಲೇ ಅಂಗವಿಕಲತೆಯ ಶೇಕಡಾ ಲೆಕ್ಕ. ಪಿಂಚಣಿಯ ಬಾಗಿಲು ತೆರೆಯುವುದು ಶೇ 40ರಿಂದ. ಈ ಮಾಪಕ ಮೊದಲು ತಯಾರಾದದ್ದು ಸ್ಕಿಜೋಫ್ರೇನಿಯಾ, ಬೈಪೋಲಾರ್, ಒಸಿಡಿ, ಡಿಮೆನ್ಶಿಯಾ ಇರುವವರನ್ನು ಗಮನದಲ್ಲಿಟ್ಟುಕೊಂಡು. ಆತಂಕದವರು ಸ್ನಾನ ಮಾಡುತ್ತಾರೆ, ಒಗೆದ ಬಟ್ಟೆ ಹಾಕುತ್ತಾರೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾರೆ. ಹಾಗಾಗಿ ಸ್ವಂತ ಆರೈಕೆಯಲ್ಲಿ ಅವರಿಗೆ ಸೊನ್ನೆಯೇ ಬರಬಹುದು. ಅಂಕ ಬರಬೇಕಾದ್ದು ಕೆಲಸ, ಒಡನಾಟ ಮತ್ತು ಅವಧಿಯಿಂದ.

ಅವಧಿಗೆ ಹಳೆಯ ಚೀಟಿಗಳೇ ಸಾಕ್ಷಿ. ಎದೆ ಬಡಿತ ಜಾಸ್ತಿಯಾಯಿತೆಂದು ಮೊದಲು ಹೃದಯದ ಡಾಕ್ಟರ ಹತ್ತಿರ ಓಡಿದ್ದ ಇಸಿಜಿ, ‘ಗ್ಯಾಸ್ಟ್ರಿಕ್’ ಎಂದು ಬರೆದುಕೊಟ್ಟ ಒಪಿಡಿ ಚೀಟಿ, ಯಾವುದನ್ನೂ ಎಸೆಯಬೇಡಿ. ತಾರೀಖಿನ ಪ್ರಕಾರ ಜೋಡಿಸಿ, ಎರಡು ಸೆಟ್ ಝೆರಾಕ್ಸ್ ಮಾಡಿಸಿ. ಇಸಿಜಿ ಕಾಗದದ ಅಚ್ಚು ಮಾಸಿಹೋಗುತ್ತದೆ, ಅದನ್ನು ಮೊದಲು ಝೆರಾಕ್ಸ್ ಮಾಡಿಸಿ. ಈಗಿನ ಮನೋವೈದ್ಯರ ಚೀಟಿಯಲ್ಲಿ ‘ಟೆನ್ಷನ್’ ಎಂದಷ್ಟೇ ಇದ್ದರೆ ಸಾಲದು. ರೋಗದ ಪೂರ್ತಿ ಹೆಸರು, ಶುರುವಾದ ವರ್ಷ, ಈವರೆಗಿನ ಔಷಧಿ ಇರುವ ಸಾರಾಂಶ ಕೇಳಿ ಪಡೆಯಿರಿ.

ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ನಿಮ್ಹಾನ್ಸ್‌ನವರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಮನೆಯಿಂದ ಹೊರಬೀಳಲೂ ಆಗದವರು ಮೊದಲು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಬಹುದು.

ಅರ್ಜಿ ಹಾಕುವುದು ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ, ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ. ಆಧಾರಿನಲ್ಲಿರುವ ಹೆಸರನ್ನೇ ಅಕ್ಷರ ತಪ್ಪದೆ ಹಾಕಿಸಿ. ಇಲ್ಲಿ ತಪ್ಪಿದರೆ ಪಿಂಚಣಿಯ ಹಂತದಲ್ಲಿ ಮತ್ತೆ ತಿದ್ದುಪಡಿಗೆ ಅಲೆಯಬೇಕಾಗುತ್ತದೆ.

ಬೋರ್ಡಿನ ದಿನ ಕೆಡುವುದು ಒಂದೇ ಮಾತಿನಿಂದ. “ಹೆಂಗದೀರಿ?” ಎಂದು ಡಾಕ್ಟರು ಕೇಳಿದರೆ ನಮ್ಮ ಕಡೆಯವರ ಬಾಯಲ್ಲಿ ತಾನಾಗಿಯೇ ಬರುವುದು “ಆರಾಮ್ ಅದೀನ್ರಿ”. ಅಲ್ಲಿಗೆ ಅಂಕ ಇಳಿಯಿತು. ಅದಕ್ಕೇ ನಾನು ಮೊದಲೇ ಒಂದು ಪುಟ ಬರೆಸುತ್ತೇನೆ: ಯಾವ ಕೆಲಸ ಯಾವಾಗ ಬಿಟ್ಟಿದ್ದು, ಸಂತೆಗೆ ಹೋಗಿ ಎಷ್ಟು ದಿನವಾಯಿತು, ಬಸ್ಸು ಹತ್ತಿದರೆ ಏನಾಗುತ್ತದೆ, ಮದುವೆ-ಮುಂಜಿಗೆ ಯಾಕೆ ಹೋಗುವುದಿಲ್ಲ, ರಾತ್ರಿ ಎಷ್ಟು ಹೊತ್ತು ನಿದ್ದೆ. “ಭಾಳ ತ್ರಾಸ್ ಆಗ್ತದ್ರಿ” ಎನ್ನುವುದಕ್ಕಿಂತ “ಗಿರಣಿ ಕೆಲಸಕ್ಕೆ ಹೋಗಿದ್ದೆ, ಮಿಷನ್ ಶುರುವಾದ ಕೂಡ್ಲೆ ಉಸಿರು ಕಟ್ಟಿ ವಾಪಸ್ ಬಂದೆ, ಮತ್ತ ಹೋಗೇ ಇಲ್ಲ” ಎಂಬುದರಿಂದ ಡಾಕ್ಟರಿಗೆ ಎಷ್ಟೋ ತಿಳಿಯುತ್ತದೆ. ಒಳ್ಳೆಯ ದಿನದ್ದನ್ನೂ ಅಲ್ಲ, ಅತಿ ಕೆಟ್ಟ ದಿನದ್ದನ್ನೂ ಅಲ್ಲ, ವಾರದಲ್ಲಿ ಹೆಚ್ಚು ದಿನ ಹೇಗಿರುತ್ತದೋ ಅದನ್ನೇ ಬರೆಸಿ. ಉತ್ಪ್ರೇಕ್ಷೆ ಮಾಡಿದರೆ ಮುಂದಿನ ಪ್ರಶ್ನೆಗೇ ಮಾತು ತಾಳೆಯಾಗುವುದಿಲ್ಲ, ನಿಜವಾದ ತೊಂದರೆಯ ಮೇಲೂ ಅನುಮಾನ ಬರುತ್ತದೆ. ಜೊತೆಗೆ ಒಂದೇ ಮನೆಯಲ್ಲಿ ಇರುವ ತಾಯಿಯೋ ಹೆಂಡತಿಯೋ ಬರಲಿ. ಮನೆಯವರ ಮಾತಿಗೂ ಅಲ್ಲಿ ತೂಕವಿದೆ. ಗುಳಿಗೆಯನ್ನು ಆ ದಿನವೂ ತಪ್ಪಿಸಬಾರದು.

ಶೇ 40 ಅಥವಾ ಹೆಚ್ಚು ಬಂದರೆ ಪಿಂಚಣಿ ಅರ್ಜಿ ಹಾಕಲು ನಾಡಕಚೇರಿಗೆ. ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಬೇಕು. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ಪರಿಶೀಲನೆ ಆದಮೇಲೆ ತಹಶೀಲ್ದಾರರ ಕಚೇರಿಯಿಂದ ಮಂಜೂರಾತಿ. ಶೇ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ. ಅಷ್ಟರಲ್ಲಿ ಸಂಸಾರ ನಡೆಯುವುದಿಲ್ಲ, ಆದರೂ ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ದುಡ್ಡು ಅಲ್ಲಿಗೇ ಬೀಳುತ್ತದೆ. “ಬಂದೇ ಇಲ್ರಿ” ಎನ್ನುವವರ ಹಣ ಮರೆತುಹೋದ ಹಳೆಯ ಖಾತೆಯಲ್ಲಿ ಇರುವುದುಂಟು.

ಬೋರ್ಡು ಶೇ 40ಕ್ಕಿಂತ ಕಡಿಮೆ ಕೊಟ್ಟರೆ ಕಾಯ್ದೆಯ 59ನೇ ಕಲಂನಡಿ ಮೇಲ್ಮನವಿ ಹಾಕಬಹುದು. ಅರ್ಜಿಯಲ್ಲಿ ಸಿಟ್ಟು ತೋಡಿಕೊಳ್ಳುವುದರಿಂದ ಪ್ರಯೋಜನವಿಲ್ಲ, ನಾಲ್ಕು ಅಂಶಗಳಲ್ಲಿ ಯಾವುದನ್ನು ಕೇಳಲಿಲ್ಲ, ಯಾವ ಚೀಟಿ ನೋಡಲಿಲ್ಲ ಎಂದು ಬರೆಯಿರಿ. ಮಾನಸಿಕ ಕಾಯಿಲೆಯ ಪ್ರಮಾಣಪತ್ರ ಬಹುಪಾಲು ತಾತ್ಕಾಲಿಕ. ಅದರ ಕೊನೆಯ ತಾರೀಖನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಮೂರು ತಿಂಗಳ ಮೊದಲೇ ನವೀಕರಣಕ್ಕೆ ಹಾಕಿ.